ಬ್ರೋನಿಯಾ ಮಜೂರಳ ಒಂಬತ್ತು ಮನೆಗಳು

ಅಮೆರಿಕದ ಹಾರ್ಲೋ ಫೆರಿ ಅನ್ನುವ ಊರಿನ ಬೆಟ್ಟದ ಬೀದಿಯಲ್ಲಿ ಬ್ರೋನಿಯಾ ಮಜೂರ್ ಅಂದರೆ ಯಾರು ಅಂತ ಕೇಳುವವರೇ ಇರಲಿಲ್ಲ. ಉಕ್ಕಿನ ಕಾರ್ಖಾನೆಯ ಕ್ಯಾಂಟೀನಿನಲ್ಲಿ ಇಪ್ಪತ್ತಾರು ವರ್ಷ ಸೂಪು ಬಡಿಸಿದವಳು. ಕಾರ್ಖಾನೆ ಮುಚ್ಚಿತು, ಗಂಡ ತೀರಿಕೊಂಡ, ಮೊಣಕಾಲು ಕೈಕೊಟ್ಟಿತು, ಕಣ್ಣು ಮಂಜಾಗಿ ಕಾರು ಮಾರಿದ್ದೂ ಆಯಿತು. ಪಕ್ಷದ ಕೆಲಸವೊಂದನ್ನು ಮಾತ್ರ ಅವಳು ಬಿಡಲಿಲ್ಲ. ಬೀದಿಯವರೇ ಸೇರಿ ಅವಳನ್ನು ವಾರ್ಡಿನ ಪಕ್ಷದ ಪ್ರತಿನಿಧಿಯಾಗಿ ಆರಿಸಿ ಮೂವತ್ತೆರಡು ವರ್ಷವಾಗಿತ್ತು. ಅದಕ್ಕೆ ಸಂಬಳವಿಲ್ಲ, ಕುರ್ಚಿಯಿಲ್ಲ. ಯಾರ ಮನೆಯ ಮುಂದೆ ಹಿಮ ಎತ್ತಿಲ್ಲ, ಯಾರಿಗೆ ಔಷಧಿ ತರಬೇಕು, ಯಾರ ಪಿಂಚಣಿಯ ಕಾಗದ ಎಲ್ಲಿ ಸಿಕ್ಕಿಕೊಂಡಿದೆ, ಇದೇ ಅವಳ ರಾಜಕೀಯ.

ಚುನಾವಣೆಯ ಮಂಗಳವಾರ ಬಂತೆಂದರೆ ಅವಳಿಗೆ ಹಬ್ಬ. ಮತಗಟ್ಟೆ ಇದ್ದದ್ದು ಕೆಳಗೆ ಹೊಳೆದಂಡೆಯ ಅಗ್ನಿಶಾಮಕ ಠಾಣೆಯಲ್ಲಿ. ಬೆಟ್ಟದಿಂದ ಅಲ್ಲಿಗೆ ನೂರಾ ಎಪ್ಪತ್ತು ಮೆಟ್ಟಿಲು. ಅಂಚೆಯಲ್ಲಿ ಮತ ಹಾಕಬಹುದಿತ್ತು, ಆದರೆ ಆಗ ಅದಕ್ಕೆ ಅರ್ಜಿ, ಕಾರಣ, ರುಜು ಅಂತ ನೂರೆಂಟು ರಗಳೆ. ಬೆಟ್ಟದ ಮುದುಕರಿಗೆ ಅದು ಒಗ್ಗುತ್ತಲೂ ಇರಲಿಲ್ಲ. ಇಸ್ತ್ರಿ ಮಾಡಿದ ಕೋಟು ಹಾಕಿಕೊಂಡು ಹೋಗಿ ನಾಲ್ಕು ಜನರೆದುರು ಹಾಕಿದರೇನೇ ಅವರ ಲೆಕ್ಕದಲ್ಲಿ ಮತ. ಗಾಲಿಕುರ್ಚಿ ಹತ್ತುವಂಥ ದೊಡ್ಡ ವ್ಯಾನೊಂದನ್ನು ಪಕ್ಷ ಕಳಿಸುತ್ತಿತ್ತು. ಮೆಟ್ಟಿಲು ಇಳಿಯಲಾರದ ಒಂಬತ್ತು ಮನೆಯವರನ್ನು ಬ್ರೋನಿಯಾ ಅದರಲ್ಲಿ ಕೂರಿಸಿಕೊಂಡು ಹೋಗಿ ಕರೆತರುತ್ತಿದ್ದಳು. ಯಾರಿಗೆ ಹಾಕುತ್ತೀ ಅಂತ ವ್ಯಾನಿನಲ್ಲಿ ಅವಳು ಕೇಳುವ ಹಾಗಿಲ್ಲ, ಕೂತವರು ಹೇಳುವ ಹಾಗಿಲ್ಲ. ಅದು ಅವಳೇ ಮಾಡಿದ ಕಟ್ಟಳೆ.

ಅದನ್ನು ಮುರಿಯುತ್ತಿದ್ದವನು ಚೆಸ್ಟರ್ ಡುಡಾ ಒಬ್ಬನೇ. ಕಾರ್ಖಾನೆಯಲ್ಲಿ ಕ್ರೇನು ಓಡಿಸಿ ಪುಪ್ಪುಸ ಸುಟ್ಟುಕೊಂಡವನು, ಆಮ್ಲಜನಕದ ಸಿಲಿಂಡರು ಬಿಟ್ಟು ಅಲ್ಲಾಡುವಂತಿರಲಿಲ್ಲ. ಎದುರು ಪಕ್ಷದವನು ಬೇರೆ.

"ನಿನ್ನ ಗಾಡೀಲೇ ಬಂದು ನಿನ್ನ ಅಧ್ಯಕ್ಷನ್ನ ಕೆಡವ್ತೀನಿ ನೋಡ್ತಿರು ಮುದುಕಿ," ಅನ್ನುತ್ತಿದ್ದ.

"ಮೊದಲು ಉಸಿರಾಡೋದು ಕಲ್ತುಕೋ, ಆಮೇಲೆ ಕೆಡವುವಂತೆ. ಬೆಲ್ಟು ಹಾಕ್ಕೋ," ಅನ್ನುತ್ತಿದ್ದಳು ಇವಳು.

ಅಧ್ಯಕ್ಷರು ಎರಡನೇ ಸಲಕ್ಕೆ ನಿಂತ ವರ್ಷ ವಾಷಿಂಗ್ಟನ್ನಿನಿಂದ ಮೆರೆಡಿತ್ ಕೆಸ್ಲರ್ ಅನ್ನುವವಳು ಬಂದಳು. ನಲವತ್ತರ ಆಸುಪಾಸು, ಚುರುಕು ಕಣ್ಣು, ನಿದ್ದೆಗೆಟ್ಟ ಮುಖ. ಆ ಕಡೆಯ ಮೂರು ಜಿಲ್ಲೆಗಳಲ್ಲಿ ಅಧ್ಯಕ್ಷರಿಗೆ ಮತ ಹೇಗೆ ಗೆಲ್ಲಬೇಕು ಅನ್ನುವ ಹೊಣೆ ಅವಳದು. ಮುಚ್ಚಿಹೋಗಿದ್ದ ಬೂಟಿನ ಅಂಗಡಿಯನ್ನು ಬಾಡಿಗೆಗೆ ಹಿಡಿದು ಗೋಡೆ ತುಂಬ ನಕ್ಷೆ ಅಂಟಿಸಿದಳು.

ಗುರುವಾರ ಗುರುವಾರ ಚರ್ಚಿನ ನೆಲಮಾಳಿಗೆಯಲ್ಲಿ ಹೆಂಗಸರು ಸೇರಿ ಪಿರೋಗಿ ಕಡುಬು ಮಾಡಿ ಮಾರುವುದು ಅಲ್ಲಿನ ವಾಡಿಕೆ. ಮೆರೆಡಿತ್ ಅಲ್ಲಿಗೂ ಬಂದಳು. ತೋಳು ಮಡಚಿ, ಕೈಗೆ ಹಿಟ್ಟು ಮೆತ್ತಿಕೊಂಡು, ಬ್ರೋನಿಯಾಳ ಪಕ್ಕದಲ್ಲೇ ನಿಂತಳು. ಅವಳು ಮಡಚಿದ ಕಡುಬುಗಳೆಲ್ಲ ಬಾಯಿ ಬಿಟ್ಟು ಆಲೂಗೆಡ್ಡೆ ಹೊರಗೆ ಬಂತು. ಹೆಂಗಸರು ನಕ್ಕರು, ಅವಳೂ ನಕ್ಕಳು.

"ಬೆಟ್ಟದ ಮೇಲಿನೋರ ಬಗ್ಗೆ ನಿಮ್ಮಷ್ಟು ಗೊತ್ತಿರೋರು ಯಾರೂ ಇಲ್ವಂತೆ ಬ್ರೋನಿಯಾ ಅಮ್ಮ. ನಂಗೂ ಹೇಳಿಕೊಡಿ," ಅಂದಳು.

ಬ್ರೋನಿಯಾ ಹೇಳಿದಳು. ನಾಲ್ಕು ಗುರುವಾರ ಕೂತು, ಕಡುಬಿನ ಅಂಚು ಒತ್ತುತ್ತ ಒತ್ತುತ್ತ ಎಲ್ಲ ಹೇಳಿದಳು. ಚೆಸ್ಟರನಿಗೆ ಮೆಟ್ಟಿಲಾಗದು. ಹೆಲೆನ್‌ಗೆ ಒಂದು ಕಣ್ಣು ಕಾಣದು. ಮೂಲೆಮನೆಯ ಅಣ್ಣತಮ್ಮಂದಿರು ಪಿಂಚಣಿ ಕಡಿತವಾದದ್ದಕ್ಕೆ ಅಧ್ಯಕ್ಷರ ಮೇಲೆ ಮುನಿದಿದ್ದಾರೆ. ಸೋಫಿ ಕ್ರಾಲ್ ತನ್ನ ಮಗನ ಮಾತು ಕೇಳಿ ಈ ಸಲ ಆ ಕಡೆಗೆ ವಾಲಿದ್ದಾಳೆ. ಕೆಲಸ ಕಳಕೊಂಡ ಮಗ ಕುಡಿದು ಬಂದು ಮನೆಯಲ್ಲಿ ಕೂಗಾಡುತ್ತಾನೆ, ಅದಕ್ಕೆ ಹೆದರಿ ಅವಳು ಹ್ಞೂಂ ಅಂದಿದ್ದಾಳೆ. ಸೋಫಿ ಇದನ್ನು ಅಳುತ್ತ ಹೇಳಿಕೊಂಡದ್ದು ಬ್ರೋನಿಯಾ ಒಬ್ಬಳ ಹತ್ತಿರ.

ಬೆಟ್ಟದ ಮೇಲೆ ಒಬ್ಬರ ಕಷ್ಟವನ್ನು ಇನ್ನೊಬ್ಬರಿಗೆ ಹೇಳುವುದು ಚಾಡಿಯಲ್ಲ. ಕೇಳಿದವರು ಏನಾದರೂ ಮಾಡಿಯಾರು ಅಂತ ಹೇಳುವುದು. ಹೆಲೆನ್ ಬಿದ್ದಳು ಅಂತ ಹೇಳಿದರೆ ಸಂಜೆಗೆ ಯಾರೋ ಸೂಪು ಕಳಿಸುತ್ತಾರೆ. ಬ್ರೋನಿಯಾ ಎಪ್ಪತ್ತೊಂದು ವರ್ಷ ಬದುಕಿದ್ದು ಹೀಗೇ. ಕೈ ತೊಳೆದುಕೊಂಡು ಹೋದ ಮೆರೆಡಿತ್ ಕಾರಿನಲ್ಲಿ ಕೂತು ಅದನ್ನೆಲ್ಲ ಕಂಪ್ಯೂಟರಿಗೆ ಬರೆಯುತ್ತಾಳೆ ಅಂತ ಅವಳ ಕನಸಿಗೂ ಬಂದಿರಲಿಲ್ಲ.

ಚುನಾವಣೆಯ ಹಿಂದಿನ ದಿನ, ಸೋಮವಾರ ಬೆಳಿಗ್ಗೆ, ಚೆಸ್ಟರ್ ಫೋನು ಮಾಡಿದ. ಮಾಮೂಲಿನ ಬೈಗುಳವಿಲ್ಲ, ತಮಾಷೆಯಿಲ್ಲ.

"ಬ್ರೋನಿಯಾ, ಬೇಡ ಅಂತಿದ್ರೆ ನೀನೇ ಹೇಳಬಹುದಿತ್ತಲ್ಲೇ. ಯಾವಳೋ ಹುಡುಗಿ ಕೈಲಿ ಹೇಳಿಸ್ಬೇಕಿತ್ತಾ?"

"ಏನು ಹೇಳಿಸ್ದೆ? ಬೆಳಬೆಳಿಗ್ಗೆ ಏನಾಗಿದೆ ನಿಂಗೆ?"

"ವ್ಯಾನು ತುಂಬಿದೆಯಂತೆ. ಬ್ರೋನಿಯಾ ಮಜೂರ್ ತಿಳಿಸೋಕೆ ಹೇಳಿದ್ದಾರೆ, ಈ ಸಲ ಜಾಗ ಇಲ್ಲ ಅಂತ." ಅವನು ಉಸಿರೆಳೆದುಕೊಂಡ. "ಇಪ್ಪತ್ತು ವರ್ಷ ಬೈದಿದ್ದು ತಮಾಷೆಗೆ ಅಂತ ನಿಂಗೆ ಗೊತ್ತಿದೆ ಅಂದ್ಕೊಂಡಿದ್ದೆ."

ಬ್ರೋನಿಯಾಳಿಗೆ ಕೈಯಲ್ಲಿದ್ದ ಕಾಫಿ ಬಟ್ಟಲು ಎಲ್ಲಿಟ್ಟೆ ಅನ್ನುವುದೂ ನೆನಪಿಲ್ಲ. ಕೋಟು ಸಿಕ್ಕಿಸಿಕೊಂಡು, ನೋಯುವ ಕಾಲಿನಲ್ಲೇ ನೂರಾ ಎಪ್ಪತ್ತು ಮೆಟ್ಟಿಲು ಇಳಿದು ಬೂಟಿನ ಅಂಗಡಿಗೆ ಹೋದಳು. ಫೋನು ಹಿಡಿದು ಕೂತವರೆಲ್ಲ ತಲೆಯೆತ್ತಿದರು. ಅವಳು ಸೀದಾ ಒಳಕೋಣೆಗೆ ನುಗ್ಗಿದಳು.

"ನನ್ನ ವ್ಯಾನೆಲ್ಲಿ?"

ಮೆರೆಡಿತ್ ಎದ್ದು ನಿಂತಳು. "ಕೂತ್ಕೊಳ್ಳಿ ಬ್ರೋನಿಯಾ ಅಮ್ಮ. ನಾಳೆಗೆ ವ್ಯಾನನ್ನ ಹೊಳೆದಂಡೆಯ ಹೊಸ ಅಪಾರ್ಟ್‌ಮೆಂಟುಗಳಿಗೆ ಹಾಕಿದ್ದೀವಿ. ಅಲ್ಲಿ ನಮ್ಮ ಮತ ಜಾಸ್ತಿ ಇದೆ."

"ಬೆಟ್ಟದ ಮೇಲಿನ ಒಂಬತ್ತು ಮನೆ?"

ಮೆರೆಡಿತ್ ಉತ್ತರ ಕೊಡುವುದರೊಳಗೆ ಮೇಜಿನ ಮೇಲಿನ ಹಾಳೆ ಬ್ರೋನಿಯಾಳ ಕಣ್ಣಿಗೆ ಬಿತ್ತು. ಕನ್ನಡಕ ಮೂಗಿಗೇರಿಸಿ ಓದಿದಳು. ಬೀದಿಯ ಹೆಸರು, ಮನೆ ಸಂಖ್ಯೆ, ಹೆಸರು, ಹೆಸರಿನ ಮುಂದೆ ಅಧ್ಯಕ್ಷರಿಗೆ ಮತ ಹಾಕುವ ಸಾಧ್ಯತೆ ನೂರಕ್ಕೆ ಇಷ್ಟು ಅಂತ ಅಂಕಿ. ಮಕ್ಕಳಿಗೆ ಪರೀಕ್ಷೆಯಲ್ಲಿ ಹಾಕಿದ ಹಾಗೆ. ಚೆಸ್ಟರನಿಗೆ ಹನ್ನೊಂದು, ಸೋಫಿಗೆ ಮೂವತ್ನಾಲ್ಕು. ಚೆಸ್ಟರನ ಅಂಕಿಯ ಪಕ್ಕದಲ್ಲಿ ಸಣ್ಣ ಅಕ್ಷರದಲ್ಲಿ ಹೀಗಿತ್ತು: ಆಮ್ಲಜನಕದ ಸಿಲಿಂಡರು. ಮೆಟ್ಟಿಲು ಆಗದು. ಗಾಡಿ ಸಿಗದಿದ್ದರೆ ಬರಲಾರ. ಅದರ ಕೆಳಗೆ ಸೋಫಿಯದು: ಮಗನಿಗೆ ಹೆದರಿ ಎದುರು ಪಕ್ಷಕ್ಕೆ. ಗಾಡಿ ಸಿಗದಿದ್ದರೆ ಬರಲಾರಳು.

ಬ್ರೋನಿಯಾ ಹಾಳೆಯ ಮೇಲೆ ಬೆರಳಿಟ್ಟಳು. "ಇದು ನನ್ನ ಮಾತು."

"ಯಾರನ್ನೂ ನಾವು ತಡೀತಿಲ್ಲ," ಅಂದಳು ಮೆರೆಡಿತ್. ದನಿ ಮೆತ್ತಗಿತ್ತು, ಈ ಮಾತನ್ನು ಬೇರೆ ಊರುಗಳಲ್ಲೂ ಆಡಿ ರೂಢಿಯಿದ್ದಂತಿತ್ತು. "ಅವರು ಬರಲಿ. ನಮ್ಮ ಗಾಡೀಲಿ ಮಾತ್ರ ಬೇಡ. ಹೋದ ಸಲ ಈ ರಾಜ್ಯ ಗೆದ್ದಿದ್ದು ಒಂದೊಂದು ಮತಗಟ್ಟೇಲಿ ನಾಲ್ಕೈದು ಮತದಿಂದ. ಈಗ ಮನಸ್ಸು ಬದಲಾಯಿಸೋಕೆ ಟೈಮಿಲ್ಲ. ನಮ್ಮೋರನ್ನ ಹೊರಗೆ ತರ್ಬೇಕು, ಉಳಿದೋರು ಮನೇಲಿದ್ರೆ ನಷ್ಟವಿಲ್ಲ. ಲೆಕ್ಕ ಅಂದ್ರೆ ಇದೇ. ಆ ಪಕ್ಷದೋರೂ ಇದನ್ನೇ ಮಾಡ್ತಾರೆ."

"ಬರೋಕಾಗಲ್ಲ ಅಂತ ನಿಂಗೆ ಗೊತ್ತು. ಗೊತ್ತು ಅಂತ ಇಲ್ಲೇ ಬರೆದಿದೆ. ಹೇಳ್ಕೊಟ್ಟೋಳು ನಾನೇ! ಕುಂಟ ಯಾರು, ಕುರುಡಿ ಯಾರು ಅಂತ ನಾನು ಹೇಳಿದ್ದು ಕೈ ಹಿಡಿದು ನಡೆಸಲಿ ಅಂತ ಕಣಮ್ಮ, ಊರುಗೋಲು ಕಿತ್ಕೊಳ್ಳಲಿ ಅಂತಲ್ಲ. ಸಾಲದು ಅಂತ ನನ್ನ ಹೆಸರಲ್ಲಿ ಸುಳ್ಳು ಹೇಳಿಸಿದ್ದೀಯ. ಯಾರು ಕೊಟ್ರು ನಿಂಗೆ ನನ್ನ ಹೆಸರು?"

"ನಿಮ್ಮ ಹೆಸರು ಹೇಳಿದ್ರೆ ಅವರು ನಂಬ್ತಾರೆ," ಅಂದಳು ಮೆರೆಡಿತ್. ಅಂದ ಮೇಲೆ ತಾನೇನು ಅಂದೆ ಅಂತ ಅವಳಿಗೇ ಕೇಳಿಸಿರಬೇಕು, ಮುಖ ತಿರುಗಿಸಿದಳು. "ಅಧ್ಯಕ್ಷರು ಗೆಲ್ಲೋದು ನಿಮಗೆ ಬೇಡವಾ?"

"ಬೇಕು. ಹೀಗೆ ಬೇಡ."

ಎದೆಯ ಮೇಲಿದ್ದ ಅಧ್ಯಕ್ಷರ ಬಿಲ್ಲೆಯನ್ನು ಬ್ರೋನಿಯಾ ಕೀಳಲಿಲ್ಲ. ಬಿಲ್ಲೆ ತನ್ನದು, ಇವಳಪ್ಪನದಲ್ಲ ಅಂತ ಅವಳ ಹಟ. ಹಾಳೆಯನ್ನು ಮಾತ್ರ ನಾಲ್ಕಾಗಿ ಮಡಚಿ ಚೀಲಕ್ಕೆ ಹಾಕಿಕೊಂಡು ಹೊರಟಳು.

ಗಾಲಿಕುರ್ಚಿ, ಸಿಲಿಂಡರು ಎಲ್ಲ ಹಿಡಿಸುವಷ್ಟು ದೊಡ್ಡ ಗಾಡಿ ಊರಿನಲ್ಲಿ ಇನ್ನೊಂದೇ ಇದ್ದದ್ದು. ಶವಸಂಸ್ಕಾರದ ಮನೆ ನಡೆಸುವ ಲಿಯೋ ಗಾರ್ಬಾಕನದು. ಸತ್ತವರ ಮನೆಯವರನ್ನು ಸ್ಮಶಾನಕ್ಕೆ ಕರೆದೊಯ್ಯುವ ಉದ್ದನೆಯ ಕಪ್ಪು ಕಾರು ಅದು.

"ಲಿಯೋ, ನಾಳೆ ಯಾರನ್ನಾದ್ರೂ ಹೂಳೋದಿದೆಯಾ?"

"ಸದ್ಯಕ್ಕೆ ಯಾರೂ ಇಲ್ಲ. ನೀನೇನಾದ್ರೂ ಹೊರಟಿದ್ದೀಯಾ ಹೇಗೆ?" ಅಂದ ಲಿಯೋ. ವಿಷಯ ಕೇಳಿದ ಮೇಲೆ ಅವನು ನಗಲಿಲ್ಲ. "ಬೆಳಿಗ್ಗೆ ಎಂಟಕ್ಕೆ ಬರ್ತೀನಿ. ಆ ಒಂಬತ್ತು ಮನೆಯೋರು ನಾಳೆಯಲ್ಲ ನಾಡಿದ್ದು ನನ್ನ ಗಿರಾಕಿಗಳೇ. ಬದುಕಿದ್ದಾಗ ಒಂದ್ಸಲ ಬಿಟ್ಟಿ ಹತ್ತಲಿ."

ಮಂಗಳವಾರ ಬೆಳಿಗ್ಗೆ ಆ ಕಪ್ಪು ಕಾರು ಬೆಟ್ಟ ಹತ್ತಿದಾಗ ಬೀದಿಯವರು ಯಾರು ಹೋದರಪ್ಪ ಅಂತ ಬಾಗಿಲಿಗೆ ಬಂದು ಎದೆ ಮೇಲೆ ಶಿಲುಬೆ ಬರೆದುಕೊಂಡರು. ಚೆಸ್ಟರ್ ಕೋಟು ಹಾಕದೆ ಒಳಗೇ ಕೂತಿದ್ದ. ಬ್ರೋನಿಯಾ ಬಾಗಿಲು ತಳ್ಳಿಕೊಂಡು ಹೋಗಿ, ಬೇರೆಯವರ ಸಾಲು ಕಾಣದ ಹಾಗೆ ಮಡಚಿ ಹಾಳೆಯನ್ನು ಅವನ ತೊಡೆ ಮೇಲೆ ಹಾಕಿದಳು. ಅವನು ಮೆಲ್ಲಗೆ ಓದಿ ಮುಗಿಸಿದ.

"ನೂರಕ್ಕೆ ಹನ್ನೊಂದಾ? ಶಾಲೇಲೂ ನಂಗಿಷ್ಟು ಕಮ್ಮಿ ಬಂದಿರ್ಲಿಲ್ಲ. ಆ ಹನ್ನೊಂದಾದ್ರೂ ಎಲ್ಲಿಂದ ಬಂತೋ! ನನ್ನ ಕೋಟು ಕೊಡೆ."

ಕಾರು ನೋಡಿದವನೇ ಬಾಗಿಲಲ್ಲೇ ನಿಂತ. "ಅಯ್ಯೋ ಲಿಯೋ, ಅವಸರ ಏನಿತ್ತೋ? ಇನ್ನೂ ಉಸಿರಿದೆ."

"ಹತ್ತು ಮಾರಾಯ. ವಾಪಸು ಕರ್ಕೊಂಡು ಬರ್ತೀನಿ ಅಂತ ನಾನು ಯಾರಿಗೂ ಮಾತು ಕೊಟ್ಟವನಲ್ಲ, ಇವತ್ತು ನಿಂಗೆ ಕೊಡ್ತಿದ್ದೀನಿ."

ನಾಲ್ಕು ಸುತ್ತಿನಲ್ಲಿ ಎಂಟು ಮನೆಯವರು ಹೋಗಿ ಮತ ಹಾಕಿ ಬಂದರು. ಯಾರು ಯಾರಿಗೆ ಹಾಕಿದರೋ ಬ್ರೋನಿಯಾ ಕೇಳಲಿಲ್ಲ. ಚೆಸ್ಟರ್ ಮಾತ್ರ ಠಾಣೆಯಿಂದ ಹೊರಗೆ ಬಂದವನೇ, "ಕೆಡವಿದೆ ನೋಡು," ಅಂದ. "ಬೆಲ್ಟು ಹಾಕ್ಕೋ," ಅಂದಳು. ಅಷ್ಟು ಹೊತ್ತಿಗೆ ಅವಳ ಕಣ್ಣು ತುಂಬಿತ್ತು.

ಒಂಬತ್ತನೆಯ ಮನೆ ಸೋಫಿಯದು. ಬೆಳಿಗ್ಗೆ ಹೋದಾಗ ಬಾಗಿಲು ತೆಗೆಯಲಿಲ್ಲ. ಮಧ್ಯಾಹ್ನವೂ ತೆಗೆಯಲಿಲ್ಲ. ಸಂಜೆ ಆರಕ್ಕೆ ಸರಪಳಿ ಬಿಚ್ಚದೆ ನಾಲ್ಕು ಬೆರಳಗಲ ತೆರೆದಳು.

"ವ್ಯಾನಲ್ಲಿ ಜಾಗ ಇಲ್ಲ ಅಂದಿದ್ದಕ್ಕೆ ಅಲ್ಲ ಬ್ರೋನಿಯಾ," ಅಂದಳು. "ಫೋನು ಮಾಡಿದ ಹುಡುಗಿ ಕೇಳಿದ್ಲು, ನಿಮ್ಮ ಮಗ ಹೇಳಿದ ಕಡೆಗೇ ಹಾಕ್ತೀರಂತೆ ಹೌದಾ ಅಂತ. ಅವನು ಪಕ್ಕದಲ್ಲೇ ಕೂತಿದ್ದ, ಕೇಳಿಸ್ಕೊಂಡ. ಬೀದೀಲೆಲ್ಲ ನನ್ನ ಮಾನ ಕಳೀತಿದ್ದೀಯಾ ಅಂತ ಇಡೀ ದಿನ ಕೂಗಾಡಿದ. ಅದನ್ನ ನಾನು ಹೇಳಿದ್ದು ನಿಂಗೊಬ್ಬಳಿಗೆ."

ಬ್ರೋನಿಯಾ ಬಾಯಿ ತೆರೆದಳು. ಮೆರೆಡಿತ್ ಮೋಸ ಮಾಡಿದಳು ಅನ್ನಬಹುದಿತ್ತು, ಅದು ನಿಜವೂ ಆಗಿತ್ತು. "ಹೌದು ಸೋಫಿ, ಅವಳಿಗೆ ಹೇಳಿದ್ದು ನಾನೇ," ಅಂದಳು.

ಬಾಗಿಲು ಮುಚ್ಚಿತು. ಲಿಯೋ ಮತಗಟ್ಟೆ ಮುಚ್ಚುವ ಎಂಟು ಗಂಟೆಯವರೆಗೂ ಕಾರು ನಿಲ್ಲಿಸಿಕೊಂಡು ಕಾದ. ಸೋಫಿ ಬರಲಿಲ್ಲ.

ಅಧ್ಯಕ್ಷರು ಗೆದ್ದರು. ಬುಧವಾರ ಬೆಳಿಗ್ಗೆ ಮೆರೆಡಿತ್ ಫೋನು ಮಾಡಿದಳು. ಹೊಳೆದಂಡೆಯ ಲೆಕ್ಕ ಫಲಿಸಿತು, ಸಂಜೆ ಸಂತೋಷಕೂಟವಿದೆ, ಬನ್ನಿ ಅಂದಳು. "ನಿಮ್ಮ ಲೆಕ್ಕಕ್ಕೆ ಇನ್ನು ನಾನು ಸಿಗಲ್ಲ. ಪ್ರತಿನಿಧಿ ಕೆಲಸ ಇವತ್ತಿಗೆ ಬಿಟ್ಟೆ, ಬರ್ಕೋ ಅದನ್ನೂ," ಅಂದು ಬ್ರೋನಿಯಾ ಫೋನಿಟ್ಟಳು. ತಾನು ಬಯಸಿದ ಮನುಷ್ಯನೇ ಗೆದ್ದಿದ್ದ. ಆದರೂ ಬೆಳಗಿನ ರೊಟ್ಟಿಯನ್ನು ಮುಟ್ಟದೆ ಅವಳು ಕೋಟು ಹಾಕಿಕೊಂಡಳು.

ಹಾಳೆ ಹಿಡಿದುಕೊಂಡು ಒಂಬತ್ತು ಮನೆಗೂ ಹೊರಟಳು. ನಿನ್ನ ಬಗ್ಗೆ ನಾನು ಇಂತಿಂಥದ್ದು ಹೇಳಿದ್ದೆ, ಅದನ್ನು ಅವರು ಇದಕ್ಕೆ ಬಳಸಿದರು ಅಂತ ಎದುರೆದುರೇ ಓದಿ ಹೇಳಿದಳು. ಹೆಲೆನ್ ತಬ್ಬಿಕೊಂಡಳು. ಮೂಲೆಮನೆಯ ಅಣ್ಣತಮ್ಮಂದಿರು ಕೆಟ್ಟದಾಗಿ ಬೈದರು, ಬೈಸಿಕೊಂಡಳು. ಸೋಫಿಯ ಬಾಗಿಲು ತಟ್ಟಿದಾಗ ಒಳಗೆ ಟೀವಿಯಲ್ಲಿ ಅಧ್ಯಕ್ಷರು ಎಲ್ಲರ ಅಧ್ಯಕ್ಷ ತಾನು ಅಂತ ಭಾಷಣ ಮಾಡುತ್ತಿದ್ದರು.

ಸೋಫಿಯ ಗುಟ್ಟನ್ನು ಬೀದಿಗೆ ಕೇಳುವಂತೆ ಓದಲು ಬ್ರೋನಿಯಾಳಿಗೆ ಬಾಯಿ ಬರಲಿಲ್ಲ. ಹಾಳೆಯಿಂದ ಆ ಒಂದು ಸಾಲನ್ನು ಹರಿದು ತೆಗೆದು, ಬಾಗಿಲ ಸಂದಿಯಲ್ಲಿ ಒಳಗೆ ತಳ್ಳಿದಳು. ಒಳಗೆ ಸೋಫಿಯ ಚಪ್ಪಲಿಯ ಸದ್ದು ಬಾಗಿಲ ತನಕ ಬಂದು ನಿಂತಿತು. ಚೀಟಿಯನ್ನು ಅವಳು ಒಳಗೆ ಎಳೆದುಕೊಂಡಳು. ಆಮೇಲೆ ಟೀವಿಯ ದನಿ ಜೋರಾಯಿತು.

ಬ್ರೋನಿಯಾ ಕಂಬಿ ಹಿಡಿದುಕೊಂಡು ಒಂದೊಂದೇ ಮೆಟ್ಟಿಲು ಇಳಿದಳು.