ಬಿಟ್ಟುಹೋದವರ ಕಾಲಮ್ಮು

ಹೋದ ತಿಂಗಳು ಹಿಂಜವಾಡಿಯ ರಸ್ತೆಯಲ್ಲಿ ನಮ್ಮ ಕಂಪನಿ ಬಸ್ಸು ಎಂದಿನಂತೆ ನಿಂತಿತ್ತು. ನಿಂತಿತ್ತು ಅನ್ನುವುದಕ್ಕಿಂತ ನೆಲೆಸಿತ್ತು ಅನ್ನಬೇಕು. ಕಿಟಕಿಯಾಚೆಯ ಗೂಡಂಗಡಿಯಲ್ಲಿ ಯಾರೋ ಪಂಪಿನ ಮೋಟಾರಿಗೆ ವಾರ್ನಿಶ್ ಹಚ್ಚಿ, ದೊಡ್ಡ ಬಲ್ಬಿನ ಶಾಖಕ್ಕೆ ಒಣಗಲು ಇಟ್ಟಿದ್ದರು. ಸುಟ್ಟ ಬೆಲ್ಲಕ್ಕೆ ಸೀಮೆಎಣ್ಣೆ ಬೆರೆಸಿದಂಥ ವಾಸನೆ. ಬಸ್ಸಿನಲ್ಲಿದ್ದವರೆಲ್ಲ ಮೂಗಿಗೆ ಕರವಸ್ತ್ರ ಹಿಡಿದರು. ನಾನೊಬ್ಬ ಮೂಗನ್ನು ಕಿಟಕಿಗೆ ಹಿಡಿದೆ. ನಿಮಗೆ ಮಲ್ಲಿಗೆಯೋ ಒಗ್ಗರಣೆಯೋ ಹಳೆಯದನ್ನು ನೆನಪಿಸುತ್ತಿರಬಹುದು. ನನ್ನ ಪಾಲಿಗೆ ಬಂದದ್ದು ವಾರ್ನಿಶ್ಶು.

ಹದಿನೈದು ವರ್ಷಗಳ ಹಿಂದೆ ಇದೇ ಊರಿನ ಇನ್ನೊಂದು ತುದಿಯ ಯೆರವಡಾದಲ್ಲಿ ಒಂದು ಶಾಲೆಯ ಹಿಂಬದಿಯ ಎರಡು ಕೋಣೆಗಳಲ್ಲಿ ಸಂಜೆ ಆರಕ್ಕೆ ಈ ವಾಸನೆ ಏಳುತ್ತಿತ್ತು. ಸುಟ್ಟುಹೋದ ಮೋಟಾರಿಗೆ ಹೊಸ ತಂತಿ ಸುತ್ತುವುದನ್ನು ಕಲಿಸುವ ಸರಕಾರಿ ಸಂಜೆ ತರಗತಿ ಅದು. ಹನ್ನೊಂದು ತಿಂಗಳ ಪಾಠ, ಕೊನೆಗೆ ಪರೀಕ್ಷೆ, ಪಾಸಾದರೆ ಪ್ರಮಾಣಪತ್ರ. ನಾನಲ್ಲಿ ಸಂಜೆಯ ಗುಮಾಸ್ತ. ಹಗಲಿಗೆ ಒಂದು ಲಾರಿ ಕಚೇರಿಯಲ್ಲಿ ಕೆಲಸವಿತ್ತು, ಸಂಬಳವೂ ಸರಿಯಾಗಿಯೇ ಬರುತ್ತಿತ್ತು. ಆದರೆ ಸರಿಯಾಗಿ ಬರುವ ಸಂಬಳ ಒಂದು ದಿನ ನಿಲ್ಲಲೇಬೇಕಲ್ಲ ಎಂಬ ಚಿಂತೆಯಿಂದ ಎರಡನೆಯದನ್ನೂ ಹಿಡಿದಿದ್ದೆ. ಆಮೇಲೆ ಎರಡೂ ಒಟ್ಟಿಗೆ ಹೋದರೆ ಎಂಬ ಚಿಂತೆ ಹೊಸದಾಗಿ ಶುರುವಾಯಿತು.

ನಮ್ಮದು ವಿಜಯಪುರದ ಗುಮಾಸ್ತರ ಮನೆತನ. ಬಂದವರನ್ನು ಕಪ್ಪು ಶಾಯಿಯಲ್ಲಿ, ಹೋದವರನ್ನು ಕೆಂಪು ಶಾಯಿಯಲ್ಲಿ ಬರೆಯಬೇಕೆಂದು ಅಪ್ಪ ಹೇಳಿಕೊಟ್ಟಿದ್ದರು. ಆ ಪ್ರಕಾರ ಹಾಜರಿ ಪುಸ್ತಕ ಇಟ್ಟಿದ್ದೆ. ಮೊದಲ ತಿಂಗಳು ಪುಟವೆಲ್ಲ ಕಪ್ಪು. ಐದನೆಯ ತಿಂಗಳಿಂದ ಒಂದೊಂದೇ ಕೆಂಪು. ಎಂಟನೆಯ ತಿಂಗಳ ಹೊತ್ತಿಗೆ ಪುಟ ಹೋಳಿ ಆಡಿದಂತಿತ್ತು. ಇಪ್ಪತ್ತೆಂಟು ಹೆಸರುಗಳಲ್ಲಿ ಇಪ್ಪತ್ತೆರಡರ ಮುಂದೆ ನನ್ನ ದುಂಡು ಅಕ್ಷರದಲ್ಲಿ ‘ಮಧ್ಯದಲ್ಲೇ ಬಿಟ್ಟುಹೋದರು’ ಎಂಬ ಷರಾ.

ಯಾಕೆ ಹೋಗುತ್ತಿದ್ದರು ಎಂದು ನಾನು ಕೇಳಿರಲಿಲ್ಲ. ಕೇಳುವುದು ಗುಮಾಸ್ತನ ಕೆಲಸವಲ್ಲ. ಕಲಿಸುತ್ತಿದ್ದ ಗಾಯಕವಾಡ ಮಾಸ್ತರು ಪುಸ್ತಕ ಮುಟ್ಟದೆ ಮೊದಲ ದಿನವೇ ಕೈಗೆ ಸುಟ್ಟ ಮೋಟಾರು ಕೊಡುವವರು. ನಾಲ್ಕು ತಿಂಗಳಲ್ಲಿ ಕೈ ಕುದುರಿಬಿಡುತ್ತಿತ್ತು. ಅಷ್ಟರಲ್ಲಿ ಗೇಟಿನಾಚೆಯ ಚಹಾದಂಗಡಿಯಲ್ಲಿ ಗುತ್ತಿಗೆದಾರರು ಕನ್ಯೆ ನೋಡಲು ಬಂದವರ ಹಾಗೆ ಕೂತಿರುತ್ತಿದ್ದರು. ಇದೆಲ್ಲ ನನ್ನ ಕಣ್ಣೆದುರಿಗೇ ನಡೆಯುತ್ತಿತ್ತು. ನನ್ನ ಕಣ್ಣು ಪುಸ್ತಕದ ಮೇಲಿತ್ತು.

ಒಂದು ದಿನ ತಪಾಸಣೆಗೆ ಸಾಹೇಬರು ಬಂದರು. ಸೌಮ್ಯ ಮನುಷ್ಯ, ಮೃದು ಮರಾಠಿ. ನನ್ನ ಪುಟವನ್ನು ನೋಡಿ, ಅಕ್ಷರ ಚೆಂದವಿದೆ ಎಂದು ಹೊಗಳಿದರು. ಅದೇ ಉಸಿರಿನಲ್ಲಿ, ಇಷ್ಟು ಜನ ಬಿಟ್ಟುಹೋಗುವ ತರಗತಿಯಿಂದ ಸರಕಾರಕ್ಕೆ ಲಾಭವೇನು, ಮುಂದಿನ ಗುರುವಾರ ಮತ್ತೆ ಬರುತ್ತೇನೆ, ಬೆಂಚುಗಳು ಹೀಗೆಯೇ ಇದ್ದರೆ ತಿಂಗಳ ಕೊನೆಗೆ ಮುಚ್ಚಲು ಬರೆಯುತ್ತೇನೆ ಅಂದರು.

ಉಳಿದ ಆರು ಜನರಲ್ಲಿ ಶಾಂತಮ್ಮ ಒಬ್ಬಳು. ಯಾದಗಿರಿ ಕಡೆಯವಳು, ಗಂಡನ ಜೊತೆ ಕಟ್ಟಡಗಳಲ್ಲಿ ಸಿಮೆಂಟು ಹೊತ್ತು, ಸಂಜೆ ಕೈತೊಳೆದು ನೇರವಾಗಿ ತರಗತಿಗೆ ಬರುವವಳು. ಇಡೀ ತರಗತಿಯಲ್ಲಿ ಅವಳ ಸುತ್ತಿನಷ್ಟು ಬಿಗಿಯಾದ ಸುತ್ತು ಯಾರದ್ದೂ ಇರಲಿಲ್ಲ. ಆದರೂ ಚಹಾದಂಗಡಿಯವರು ಒಬ್ಬರೂ ಅವಳನ್ನು ಕೇಳಿರಲಿಲ್ಲ. ಅವಳ ಕೆಲಸದ ಜಾಗದ ಪಕ್ಕದ ಫ್ಲ್ಯಾಟುಗಳ ಸೊಸಾಯಿಟಿಯ ಪಂಪು ಕೆಟ್ಟಾಗ ಅವಳೇ ಸರಿಮಾಡಿಕೊಟ್ಟಿದ್ದಳು. ಕಾರ್ಯದರ್ಶಿ ಮೆಚ್ಚಿದರು, ವರ್ಷದ ಕೆಲಸ ಕೊಡೋಣ ಅಂದರು. ಆದರೆ ಹೆಣ್ಣುಮಗಳು, ನಾಳೆ ನಾಲ್ಕು ಜನ ಕೇಳುತ್ತಾರೆ, ಪ್ರಮಾಣಪತ್ರ ತಾ ಎಂದರು. ಪರೀಕ್ಷೆಗೆ ಇನ್ನೂ ಮೂರು ತಿಂಗಳಿತ್ತು.

ಮುಚ್ಚುವ ಸುದ್ದಿ ಕೇಳಿ ಅವಳು ಅಳಲಿಲ್ಲ. ನನ್ನ ಮೇಜಿನ ಮುಂದೆ ನಿಂತು, “ಅಣ್ಣಾರ, ಗಂಡಸರಿಗೆ ಕೈ ನೋಡಿ ಕೆಲಸ ಕೊಡ್ತಾರ. ನನಗ ಕಾಗದ ನೋಡಿ ಕೊಡ್ತೀನಿ ಅಂದಾರ. ಮೂರು ತಿಂಗಳು ಹೆಂಗರ ಮಾಡಿ ನಡಸ್ರಿ” ಅಂದಳು.

ಮಾಸ್ತರಿಗೂ ನನಗೂ ಹೊಳೆದದ್ದು ಒಂದೇ ಉಪಾಯ: ಬಿಟ್ಟುಹೋದವರನ್ನು ಹುಡುಕಿ ತಂದು ಗುರುವಾರ ಒಂದು ತಾಸು ಬೆಂಚಿನ ಮೇಲೆ ಕೂರಿಸುವುದು. ಭಾನುವಾರ ನನ್ನ ಸ್ಕೂಟರಿನಲ್ಲಿ ಹೊರಟೆವು. ಮೊದಲನೆಯವನು ಗ್ಯಾರೇಜಿನಲ್ಲಿದ್ದ. ಬಿಡುವಿಲ್ಲ ಸರ್, ಅಂದ. ಎರಡನೆಯವನು ಸ್ವಂತ ಅಂಗಡಿ ಹಾಕಿದ್ದ. ಚಹಾ ಕೊಟ್ಟ, ಗುರುವಾರ ಬರಲಾರೆನೆಂದ. ಮೂರನೆಯವನು ಲಿಫ್ಟಿನ ಕಂಪನಿಯಲ್ಲಿ. ನಾಲ್ಕನೆಯವನ ತಂಗಿ ಅಣ್ಣನ ದುಡಿಮೆಯಲ್ಲಿ ಕಾಲೇಜು ಸೇರಿದ್ದಳು. ಒಂದೊಂದು ಮನೆಯಿಂದ ಹೊರಬರುವಾಗಲೂ ನನ್ನ ಮುಖ ಇಳಿಯುತ್ತಿತ್ತು. ಇವನಿಗೂ ಕೆಲಸ ಸಿಕ್ಕಿಬಿಟ್ಟಿದೆಯಲ್ಲ! ಪರರ ಏಳಿಗೆಗೆ ಅಷ್ಟು ಮರುಗಿದ ದಿನ ನನ್ನ ಬಾಳಿನಲ್ಲಿ ಇನ್ನೊಂದಿಲ್ಲ. ಕೊನೆಗೆ ಒಬ್ಬ ಹಗಲಲ್ಲೇ ಮನೆಯಲ್ಲಿ ಮಲಗಿದ್ದನ್ನು ಕಂಡು ನನಗೆ ಹಿಡಿಸಲಾರದ ಸಂತೋಷವಾಯಿತು. ಎಬ್ಬಿಸಿದರೆ ಹಣೆಯ ತುಂಬ ಭಂಡಾರದ ಅರಿಶಿನ. ಹೊಸ ಕೆಲಸದ ಹರಕೆ ತೀರಿಸಲು ಮಾಲೀಕರೇ ರಜೆ ಕೊಟ್ಟು ಜೇಜುರಿಯ ದೇವಸ್ಥಾನಕ್ಕೆ ಕಳಿಸಿದ್ದರಂತೆ. ನನ್ನ ಕೈಗೂ ಪ್ರಸಾದ ಕೊಟ್ಟ.

ಸೋಮವಾರ ಇದನ್ನೆಲ್ಲ ಶೋಕವಾರ್ತೆಯಂತೆ ಶಾಂತಮ್ಮನಿಗೆ ಹೇಳಿದೆ. ಅವಳು ಹಾಜರಿ ಪುಸ್ತಕವನ್ನು ತನ್ನ ಕಡೆ ತಿರುಗಿಸಿಕೊಂಡಳು.

“ಅವ್ರನ್ನ ಇಲ್ಲಿ ತಂದು ಯಾಕ ಕೂಡಸ್ತೀರಿ? ಹೋದ್ರು ಅಂತ ಬರದೀರಿ. ಎಲ್ಲಿಗಿ ಹೋದ್ರು ಅಂತ ಬರದಿಲ್ಲ. ಅದನ್ನ ಬರೀರಿ.”

“ಅದಕ್ಕ ಕಾಲಮ್ ಇಲ್ಲವ್ವಾ,” ಅಂದೆ.

“ಫೂಟಪಟ್ಟಿ ಅದ, ಪೆನ್ಸಿಲ್ ಅದ. ಗೆರಿ ಹೊಡೀರಿ.”

ಸರಕಾರಿ ಪುಸ್ತಕದಲ್ಲಿ ಗೆರೆ ಎಳೆಯುವುದು! ಮೂರು ದಿನ ನನಗೆ ಊಟ ರುಚಿಸಲಿಲ್ಲ. ಎಲ್ಲಕ್ಕಿಂತ ಹೆಚ್ಚಾಗಿ, ಪಕ್ಕದಲ್ಲೇ ಸೆಂಟ್ರಲ್ ಜೈಲು; ದಿನಾ ಅದರ ಗೋಡೆಯ ಗುಂಟವೇ ಮನೆಗೆ ಹೋಗಬೇಕಿತ್ತು. ಆದರೂ ಎಳೆದೆ. ಗ್ಯಾರೇಜು, ಅಂಗಡಿ, ಲಿಫ್ಟು ಎಂದು ಬರೆಯುತ್ತ ಹೋದಂತೆ ಇನ್ನೊಂದು ತಾಪತ್ರಯ. ಕಾಲೇಜು ಸೇರಿದ ತಂಗಿಯನ್ನು ಎಲ್ಲಿ ಬರೆಯಲಿ? ಗುಜರಿಗೆ ಹೋಗಲಿದ್ದ ಪಂಪು ಮತ್ತೆ ತಿರುಗಿ ಮೂರನೇ ಮಾಳಿಗೆಗೆ ಏರುವ ನೀರನ್ನು? ಬಾಡಿಗೆ ಸರಿಯಾಗಿ ಬರುತ್ತಿದೆ ಎಂದು ನಿಶ್ಚಿಂತನಾದ ಮನೆಮಾಲೀಕನನ್ನು? ಆ ಮನುಷ್ಯನ ನಿಶ್ಚಿಂತೆಯ ಮೇಲೆ ನನಗೆ ಸ್ವಲ್ಪ ಹೊಟ್ಟೆಕಿಚ್ಚೂ ಆಯಿತು. ಸಾಹೇಬರು ಕೇಳಿದ ಲಾಭ ಊರ ತುಂಬ ಹರಡಿತ್ತು. ನನ್ನ ಪುಟ ಚಿಕ್ಕದಿತ್ತು.

ಗುರುವಾರ ಸಾಹೇಬರು ಬಂದು ಕಾಲಮ್ಮಿನ ಮೇಲೆ ಬೆರಳಿಟ್ಟು, ಇದನ್ನು ಎಳೆಯಲು ಯಾರು ಹೇಳಿದರು ಎಂದರು. ತಪ್ಪಾಯಿತು ಸರ್, ಎಂದು ನಾನು ಅದನ್ನು ಅಳಿಸಲು ರಬ್ಬರು ತೆಗೆದೆ. ಹಿಂದಿನ ಬೆಂಚಿನಿಂದ ಶಾಂತಮ್ಮ ತನ್ನ ಹರಕು ಮರಾಠಿಯಲ್ಲಿ, ತಾನೇ ಹೇಳಿದ್ದು ಎಂದಳು. ಸಾಹೇಬರು ಅವಳನ್ನು ನೋಡಿದರು, ಪುಟವನ್ನು ನೋಡಿದರು, ಒಂದು ಹೆಸರು ಆರಿಸಿ ಅದರ ಮುಂದಿದ್ದ ನಂಬರಿಗೆ ಫೋನು ಹಚ್ಚಿದರು. ಅದು ಲಿಫ್ಟಿನ ಕಂಪನಿ ಸೇರಿದ್ದ ಆ ಮೂರನೆಯವನು, ಸಂತೋಷ. ಯಾರು ಎತ್ತ ಎಂದು ಕೇಳದೆ ಅವನು, ಐದನೇ ಮಾಳಿಗೆಯಲ್ಲಿ ನೇತಾಡುತ್ತಿದ್ದೇನೆ, ಎರಡೂ ಕೈ ಕೆಲಸದಲ್ಲಿವೆ, ಆಮೇಲೆ ಮಾಡು ಎಂದು ಕೂಗಿ ಫೋನಿಟ್ಟ. ಆ ಕೂಗು ಕೋಣೆಗೆಲ್ಲ ಕೇಳಿಸಿತು. ಸಾಹೇಬರು ಮೊದಲ ಸಲ ನಕ್ಕರು. ಪರೀಕ್ಷೆಯವರೆಗೆ ತರಗತಿ ನಡೆಯಲಿ ಎಂದು ಬರೆದರು. ಎರಡು ವಾರಕ್ಕೆ, ಹಾಜರಿ ಪುಸ್ತಕಗಳಲ್ಲಿ ಯಾರೂ ಕೈಯಿಂದ ಗೆರೆ ಎಳೆಯಕೂಡದು ಎಂಬ ಸುತ್ತೋಲೆಯೂ ಬಂತು.

ಶಾಂತಮ್ಮ ಪಾಸಾದಳು, ಸೊಸಾಯಿಟಿಯ ಕೆಲಸವೂ ಸಿಕ್ಕಿತು. ತರಗತಿಯೂ ಆಮೇಲೆ ಮುಚ್ಚಲಿಲ್ಲ. ನನ್ನ ಲಾರಿ ಕಚೇರಿ ನಾನು ಹೆದರಿದ್ದಂತೆಯೇ ಮುಚ್ಚಿತು. ಹಿಂಜವಾಡಿಯಲ್ಲಿ ಇನ್ನೂ ಒಳ್ಳೆಯ ಕೆಲಸ ಸಿಕ್ಕು ಹೊಸ ಹೆದರಿಕೆಗಳಿಗೆ ಅನುಕೂಲವಾಯಿತು. ಹಳೆಯ ತರಗತಿಯ ಕಡೆ ಹೋಗಿ ವರ್ಷಗಳೇ ಆಗಿದ್ದವು. ಬಸ್ಸಿನ ಕಿಟಕಿಗೆ ವಾರ್ನಿಶ್ ವಾಸನೆ ಬಂದ ಆ ವಾರವೇ ರಜೆ ಹಾಕಿ ಯೆರವಡಾಕ್ಕೆ ಹೋದೆ.

ಶಾಂತಮ್ಮ ಆಮೇಲೆ ಹಾಕಿಕೊಂಡ ಸ್ವಂತ ಅಂಗಡಿಯಲ್ಲಿ ಈಗ ಮೂವರು ಹೆಂಗಸರು ತಂತಿ ಸುತ್ತುತ್ತಾರೆ. ಸಂಜೆ ಐದೂವರೆಗೆ ಅವಳೇ ಅವರನ್ನು ತರಗತಿಗೆ ಅಟ್ಟುತ್ತಾಳೆ. ಆ ದಿನ ಯಲ್ಲವ್ವ ಎಂಬ ಎರಡು ಮಕ್ಕಳ ತಾಯಿ ಹಟ ಹಿಡಿದಿದ್ದಳು: ಪಂಪಿನ ಕಾರಖಾನೆಯವರು ಕರೆಯುತ್ತಿದ್ದಾರೆ, ಇನ್ನು ತರಗತಿ ಯಾಕೆ?

“ಇವ್ರನ್ನ ಕೇಳು,” ಎಂದು ಶಾಂತಮ್ಮ ನನ್ನನ್ನು ತೋರಿಸಿದಳು. ಮಧ್ಯದಲ್ಲಿ ಬಿಡುವುದೂ ಲಾಭವೇ ಎಂದು ಸರಕಾರಿ ಪುಸ್ತಕದಲ್ಲಿ ಗೆರೆ ಎಳೆದು ಸಾಧಿಸಿದವನು ನಾನು. ಕೊನೆಗೆ ಶಾಂತಮ್ಮನೇ ಹೇಳಿದಳು: “ಆ ಸಂತೋಷ ಅದಾನಲ್ಲ, ಲಿಫ್ಟಿನಂವ. ಅವ್ನ ಕೈ ಬಂಗಾರ. ದೊಡ್ಡ ಕೆಲಸ ಬಂದ್ರ ಕಾಗದ ಕೇಳ್ತಾರ, ನನ್ನ ಕಡಿ ಬರ್ತಾನ. ನನ್ನ ಸಹಿ ಮ್ಯಾಲ ಕೆಲಸ ಮಾಡ್ತಾನ. ನೀ ಯಾರ ಸಹಿ ಕೇಳಾಕ ಹೋಗ್ತೀ?”

ಯಲ್ಲವ್ವ ಚೀಲ ಎತ್ತಿಕೊಂಡಳು. ಹೊರಡುವ ಮುಂಚೆ ನನ್ನ ಕಡೆ ತಿರುಗಿ, “ನೀವೂ ಬರ್ರೀ. ಈ ಸಲ ಕ್ಲಾಸಿನಾಗ ತಲಿ ಕಡಿಮಿ ಬಿದ್ದಾವ” ಅಂದಳು.

ಈಗ ಮಂಗಳವಾರ, ಶುಕ್ರವಾರ ಕಚೇರಿಯಿಂದ ಬೇಗ ಹೊರಟು ನಾನೂ ಹೋಗುತ್ತೇನೆ. ಐವತ್ತೆರಡರ ವಯಸ್ಸಿನಲ್ಲಿ ಎರಡು ಫ್ಯಾನು ಸುಟ್ಟಿದ್ದೇನೆ. ನನಗಿರುವ ಚಿಂತೆ ಒಂದೇ: ಪರೀಕ್ಷೆಗೆ ಮುಂಚೆ ಯಾರಾದರೂ ಕೆಲಸಕ್ಕೆ ಕರೆದುಬಿಟ್ಟರೆ ಏನು ಮಾಡುವುದು? ಶಾಂತಮ್ಮನನ್ನು ಕೇಳಿದೆ. ನಾನು ಸುತ್ತಿದ ತಂತಿಯನ್ನು ಬೆಳಕಿಗೆ ಹಿಡಿದು ಬಹಳ ಹೊತ್ತು ನೋಡಿ, “ಅದೊಂದು ಚಿಂತಿ ಬಿಡ್ರಿ ಅಣ್ಣಾರ” ಅಂದಳು.