ಗೋಡೆಗಿಂತ ಮೊದಲು ಮಾಳಿಗೆ

ಎಂಬತ್ತೈದು ತುಂಬಿದ ವರ್ಷ ಉಟಗಿಯ ಇಂದ್ರಾಬಾಯಿಯವರಿಗೆ ತಮ್ಮ ಮನೆಯ ಗೋಡೆಯೊಂದನ್ನು ಒಡೆಸಬೇಕೆನಿಸಿತು. ಮಲಗುವ ಕೋಣೆಯಿಂದ ಬಚ್ಚಲಿಗೆ ಅಂಗಳ ಸುತ್ತಿ ಹೋಗಬೇಕು. ಶ್ರಾವಣದ ಮಳೆಯಲ್ಲಿ ಹಾಸುಗಲ್ಲಿನ ಮೇಲೆ ಜಾರಿ ಬಿದ್ದು ಮೂರು ವಾರ ಹಾಸಿಗೆ ಹಿಡಿದಿದ್ದರು. ನಡುಗೋಡೆಯಲ್ಲಿ ಬಾಗಿಲು ಬಿಟ್ಟರೆ ಆರೇ ಹೆಜ್ಜೆ. ಮುಚ್ಚಂಡಿಯಿಂದ ಗೌಂಡಿ ಬೀರದೇವನನ್ನು ಕರೆಸಿದರು.

ಅದೇ ದಿನ ಶೀತಲ ಕೂಡ ಬಂದಳು. ಸಾಂಗಲಿಯ ಕಾಲೇಜೊಂದರಲ್ಲಿ ಮನೆ ಕಟ್ಟುವ ವಿದ್ಯೆ ಕಲಿಸುವ ಅವಳು ಆರು ತಿಂಗಳಿಂದ ಈ ಮನೆಯ ಅಳತೆ ತೆಗೆದು ಪುಸ್ತಕ ಬರೆಯುತ್ತಿದ್ದಳು. ಹೆಣ್ಣುಮಗಳೊಬ್ಬಳು ತನಗಾಗಿ ತಾನೇ ನಕ್ಷೆ ಬರೆದು 1964ರಷ್ಟು ಹಿಂದೆ ಕಟ್ಟಿಸಿದ ಮನೆ ಈ ಸೀಮೆಯಲ್ಲಿ ಇನ್ನೊಂದಿಲ್ಲ ಎನ್ನುತ್ತಿದ್ದಳು.

"ಒಡೀಬ್ಯಾಡ್ರಿ ಆಯಿ. ಇತಿಹಾಸದ ಮನಿ ಇದು."

ಬೀರದೇವನೂ ತಲೆಯಾಡಿಸಿದ. "ಈ ಗ್ವಾಡಿ ತಗದ್ರ ಮಾಳಿಗಿ ಕೆಳಗ ಬರತೈತ್ರಿ ಅವ್ವಾರ. ನಾ ಇದಕ್ಕ ಒಡಿಯೂ ಹಾರಿ ಹಚ್ಚಾಂವಲ್ಲ."

"ಕುಂದ್ರಿ ಇಬ್ಬರೂ," ಎಂದರು ಇಂದ್ರಾಬಾಯಿ. "ಮಾಳಿಗಿ ಎದರ ಮ್ಯಾಲ ನಿಂತೈತಿ ಅಂತ ಮೊದಲ ಕೇಳ್ರಿ."

ಇಂದ್ರಾಬಾಯಿಯವರ ತಂದೆ ಸೋಮನಿಂಗಪ್ಪ ಕಟ್ಟಿಗೆಯ ವ್ಯಾಪಾರಿ. ಮಗಳು ಸಾಂಗಲಿಯಲ್ಲಿ ಸೋದರತ್ತೆಯ ಮನೆಯಲ್ಲಿದ್ದು ಕಲಿತು, ನೀರಾವರಿ ಕಚೇರಿಯಲ್ಲಿ ನಕ್ಷೆಗಳ ಪ್ರತಿ ತೆಗೆಯುವ ಕೆಲಸಕ್ಕೆ ಸೇರಿದ್ದರು. ಸಾಹೇಬರು ಬರೆದ ಸೇತುವೆಗಳ ಮೇಲೆ ತೆಳುಗಾಗದ ಹಾಸಿ ಗೆರೆ ಎಳೆಯುತ್ತ ಎಳೆಯುತ್ತ, ಭಾರ ಎಲ್ಲಿಂದ ಇಳಿದು ಎಲ್ಲಿ ನೆಲ ಸೇರುತ್ತದೆಂಬುದು ಅವರ ಕೈಗೇ ತಿಳಿಯಿತು. ಇಪ್ಪತ್ತನಾಲ್ಕರ ವಯಸ್ಸಿನಲ್ಲಿ ಮೂರನೆಯ ವರನನ್ನೂ ಒಲ್ಲೆನೆಂದಾಗ ಸೋಮನಿಂಗಪ್ಪ ಸೋತು ಕೇಳಿದರು: "ಹಂಗಾದ್ರ ನಿನಗೇನ ಬೇಕವಾ?"

"ಮದಿವಿ ಬದಲಿ ಒಂದ ಮನಿ ಕಟ್ಟಿಸಿಕೊಡು, ಅಪ್ಪಾ. ನಕಾಶಿ ನಾನ ಬರೀತೀನಿ."

ಮೂರನೆಯ ದಿನ ತಂದೆ ತಮ್ಮ ಕಟ್ಟಿಗೆಯ ಅಡ್ಡೆಗೆ ಕರೆದೊಯ್ದು ಸಾಗವಾನಿ ತೊಲೆಗಳನ್ನು ತೋರಿಸಿದರು. "ಯಾವು ಬೇಕು ಆರಿಸಿಕೊ."

ಹನ್ನೆರಡು ಕಲ್ಲುಕಂಬ ಎದ್ದವು. ಕಂಬದ ಮೇಲೆ ತೊಲೆ, ತೊಲೆಯ ಮೇಲೆ ಚಾವಣಿಯಾಗಿ ಮಾಳಿಗೆ. ಗೋಡೆ ಮಾತ್ರ ಒಂದೂ ಇಲ್ಲ. ಬೆಳುಂಕಿಯಿಂದಲೂ ಜನ ನೋಡಲು ಬಂದರು. ನಾಯಿ ಮಲಗಲು ಚಲೋ ಆಯಿತೆಂದು ನಕ್ಕರು. ಇಂದ್ರಾಬಾಯಿ ರಜೆ ಹಾಕಿ, ತಾಯಿಯನ್ನು ಜೊತೆಗಿಟ್ಟುಕೊಂಡು, ಬೇಸಿಗೆಯ ಎರಡು ತಿಂಗಳು ಆ ಬಯಲು ಮನೆಯಲ್ಲೇ ಮಲಗಿ ಎದ್ದರು. ಮಧ್ಯಾಹ್ನದ ಬಿಸಿಗಾಳಿ ಎಲ್ಲಿಂದ ನುಗ್ಗುತ್ತದೆ, ಇಳಿಹೊತ್ತಿನ ನೆರಳು ಎಲ್ಲಿ ಬೀಳುತ್ತದೆ ಎಂದು ಬರೆದಿಟ್ಟುಕೊಂಡರು. ಮಳೆಗಾಲ ಹತ್ತಿರವಾದ ಮೇಲೆ ಗೋಡೆ ಎಬ್ಬಿಸಿದರು. ಮುಂದೆ ಜತ್ತಿಗೆ ವರ್ಗ ಮಾಡಿಸಿಕೊಂಡು, ಎಸ್‌ಟಿ ಬಸ್ಸಿನಲ್ಲಿ ಓಡಾಡಿ, ಅಲ್ಲಿಯೇ ನಿವೃತ್ತರಾದರು. ಈಗ ತಮ್ಮನ ಮಗ, ಸೊಸೆ ಶಾಂತಾದೇವಿ, ಅವರ ಮಕ್ಕಳು ಇದೇ ಮನೆಯಲ್ಲಿದ್ದಾರೆ.

"ಭಾರ ಹೊತ್ತಿದ್ದು ಕಂಬ," ಎಂದರು ಇಂದ್ರಾಬಾಯಿ. "ಗ್ವಾಡಿ ಗಾಳಿಗೆ ಕಟ್ಟಿದ ಪರದಿ ಇದ್ದಂಗ. ನಂಬಿಕಿ ಇಲ್ಲಂದ್ರ ಏಣಿ ಹಾಕಿ ನೋಡು, ಬೀರದೇವ."

ಬೀರದೇವ ಏಣಿ ಹತ್ತಿ ತೊಲೆಯ ಕೆಳಗಿನ ಸುಣ್ಣವನ್ನು ಕರಣೆಯಿಂದ ಕೆರೆದ. ಗೋಡೆಗೂ ತೊಲೆಗೂ ನಡುವೆ ಒಂದು ಬೆರಳು ಸಂದು. ಕರಣೆಯ ತುದಿ ಆಚೆ ಬದಿಗೆ ಹಾಯ್ದುಹೋಯಿತು. ಶೀತಲ ತನ್ನ ಹಾಳೆ ಬಿಚ್ಚಿ ನೋಡಿದಳು. ಆರು ತಿಂಗಳ ಅಳತೆಯಲ್ಲಿ ಆ ಸಂದು ಇರಲಿಲ್ಲ.

"ಆದ್ರೂ ಆಯಿ, ಇದ್ದಂಗ ಇರಲಿ ಅಂತ ನನ್ನ ಆಸೆ," ಎಂದಳು ಮೆಲ್ಲಗೆ.

"ಇರಾಕ ಅಂತ ಕಟ್ಟಿಸೀನಿ, ಶೀತಲ. ನಾ ಇನ್ನೂ ಅದೀನಲ್ಲ."

ಅವಳ ಪೆನ್ಸಿಲ್ ಇಸಿದುಕೊಂಡು ಇಂದ್ರಾಬಾಯಿ ಗೋಡೆಯ ಮೇಲೆ ಬಾಗಿಲಿನ ಗುರುತು ಹಾಕಿದರು. ಗೆರೆ ಸೊಟ್ಟಾಯಿತು. ಆದರೆ ಅಗಲಕ್ಕೆ ಅಳತೆ ಹಿಡಿದು ನೋಡಿದರೆ ಎರಡೂವರೆ ಅಡಿಗೆ ಒಂದು ಕೂದಲೂ ಹೆಚ್ಚುಕಡಿಮೆ ಇಲ್ಲ.

ಮರುದಿನ ಸಂಜೆಗೆ ಬಾಗಿಲು ತೆರೆಯಿತು. ಮಾಳಿಗೆ ಮಿಸುಕಲಿಲ್ಲ. ಇಂದ್ರಾಬಾಯಿ ಶಾಂತಾದೇವಿಯ ಕೈ ಬಿಡಿಸಿಕೊಂಡು ಒಬ್ಬರೇ ಬಚ್ಚಲಿಗೆ ಹೋಗಿ ಮುಖ ತೊಳೆದು ಬಂದರು. ಶೀತಲ ತನ್ನ ಪುಸ್ತಕದಲ್ಲಿ ಹಳೆಯ ನಕ್ಷೆಯ ಪಕ್ಕಕ್ಕೆ ಹೊಸದನ್ನೂ ಸೇರಿಸಿದಳು, ಎರಡರ ಕೆಳಗೂ ಇಂದ್ರಾಬಾಯಿಯವರ ಹೆಸರನ್ನೇ ಬರೆದಳು.

ಬೀರದೇವ ಹೊರಡುವಾಗ ಇಂದ್ರಾಬಾಯಿ ಅವನನ್ನು ಅಡುಗೆಮನೆಗೆ ಕರೆದರು. "ಈ ಕಿಡಕಿ ಭಾಳ ಮ್ಯಾಲ ಆಗೈತಿ. ನಂದ ತಪ್ಪು. ಜ್ವಾಳದ ರಾಶಿ ಮುಗದ ಮ್ಯಾಲ ಲಗೂನ ಬಾ, ಇಳಸೂಣು."