‘ಬರ್ತೇನಿ’ ಅಂದವಳು

ಅಚ್ಚಾಗಿದೆ ಎಂಬ ಮಾತ್ರಕ್ಕೆ ನಾನು ಯಾವುದನ್ನೂ ನಂಬಿದವನಲ್ಲ. ದಾಂಡೇಲಿಯ ಕಾರ್ಖಾನೆಯಲ್ಲಿ ಮೂವತ್ತು ವರ್ಷ ಕಾಗದ ಹೊತ್ತವನಿಗೆ, ಅದರ ಮೇಲೆ ಏನನ್ನು ಬೇಕಾದರೂ ಬರೆಯಬಹುದೆಂದು ಗೊತ್ತಿರುತ್ತದೆ. ಹಾಗಿದ್ದೂ, ದಮ್ಮಿನ ರೋಗಿಗಳಲ್ಲಿ ಎಷ್ಟು ಜನ ಫ್ಲೂ ಲಸಿಕೆ ಹಾಕಿಸಿಕೊಳ್ಳುತ್ತಾರೆ, ಹಾಕಿಸಿಕೊಂಡವರಿಗೆ ಅದರಿಂದ ಎಷ್ಟು ರಕ್ಷಣೆ ಎಂದು ಅರಿಯಲು ಬಂದ ಸಂಶೋಧಕರಿಗೆ ಸಾಂಬ್ರಾಣಿ ಎಂಬ ಹಳ್ಳಿಯಲ್ಲಿ ಮನೆ ತೋರಿಸಿ ಫಾರ್ಮು ತುಂಬಿಕೊಡಲು ಒಪ್ಪಿದೆ. ಒಪ್ಪಿದ್ದು ಅವರನ್ನೇ ಪರೀಕ್ಷಿಸುವುದಕ್ಕೆ.

ಅದೇ ಊರಿನಲ್ಲಿ ನನ್ನ ತಂಗಿ ಇದ್ದಾಳೆ; ಅವಳಿಗೂ ದಮ್ಮು. ಹಿಂದಿನ ಮಳೆಗಾಲದಲ್ಲಿ ನೆಗಡಿಯೊಂದು ಎದೆಗಿಳಿದು, ಅವಳನ್ನು ಹನ್ನೊಂದು ದಿನ ಆಸ್ಪತ್ರೆಯಲ್ಲಿ ಆಮ್ಲಜನಕದ ನಳಿಕೆಗೆ ಕಟ್ಟಿಹಾಕಿತ್ತು. ಅಂಥದ್ದು ಇನ್ನೊಮ್ಮೆ ಬಂದರೆ ಆ ಎದೆ ತಡೆಯಲಾರದೆಂದು ವೈದ್ಯರು ಹೇಳಿದ್ದರು. ಆ ಒಂದು ಮಾತನ್ನು ನಾನು ಸಂಶಯಿಸಲಿಲ್ಲ.

ಅವಳ ಅಂಗಳದಲ್ಲಿ ನಿಂತು ಕೇಳಿದೆ: “ಗುರುವಾರ ಸೂಜಿ ಮಾಡಿಸ್ಕೊಳ್ಳಾಕ ಬರ್ತಿಯಿಲ್ಲ?”

ಕುಡುಗೋಲು ಹಿಡಿದು ಮೇವಿಗೆ ಹೊರಟಿದ್ದವಳು ತಿರುಗಿ, “ಬರ್ತೇನಿ ಅಣ್ಣಾ” ಎಂದಳು. ‘ಒಪ್ಪಿದ್ದಾರೆ’ ಎಂಬ ಚೌಕದಲ್ಲಿ ಗುರುತು ಹಾಕಿದೆ.

ಗುರುವಾರ ಮಧ್ಯಾಹ್ನವಾದರೂ, ಲಸಿಕೆ ಹಾಕುತ್ತಿದ್ದ ಶಾಲೆಯ ಜಗಲಿಯಲ್ಲಿ ಅವಳ ಸುಳಿವಿರಲಿಲ್ಲ. ತಂಡದ ವಾಹನ ಎರಡಕ್ಕೆ ಹೊರಡುವುದಿತ್ತು. ತಂಡದ ಡಾಕ್ಟರಮ್ಮ ಪಟ್ಟಿ ನೋಡಿ, “ಅಜ್ಜಾರ, ಇಲ್ಲಿ ಮಂದಿದು ಇದ ರೂಢಿ ನೋಡ್ರಿ. ಹೂಂ ಅಂತಾರ, ಬರೂದಿಲ್ಲ. ವರದಿಯೊಳಗೂ ಹಂಗ ಬರೀತೇವಿ” ಎಂದರು.

ಸೀದಾ ತಂಗಿಯ ಮನೆಗೆ ನಡೆದೆ.

“ಬರ್ತೇನಿ ಅಂದಿದ್ದಿ.”

“ಮೇವಿಗೆ ಹೊಂಟಿದ್ದೆ, ಬರ್ತೇನಿ ಅಂದೆ. ಮನಿ ಬಿಡುವಾಗ ಹೋಗ್ತೇನಿ ಅಂತ ಅಪಶಕುನ ನುಡೀಬೇಕಿತ್ತೇನು? ಇಷ್ಟು ಓದಿ ಇಷ್ಟೂ ತಿಳೀಲಿಲ್ಲ ನಿನಗ.”

“ಹಂಗಾದ್ರ ಈಗ ಕೇಳ್ತೇನಿ. ಬಾ, ಹೊತ್ತಾಗೇತಿ.”

“ನೀ ಮಾಡಿಸ್ಕೊಂಡಿಯೇನು?”

ತಡವರಿಸಿದೆ. “ವರದಿ ಬರ್ಲಿ, ಫಲ ನೋಡಿ…”

“ಓಹೋ. ಫಲ ನೋಡೂದು ನಮ್ಮ ಮೈಮ್ಯಾಲೆ.”

ಅಷ್ಟರಲ್ಲಿ ಕೆಮ್ಮು ಬಂತು. ಅದು ನಿಲ್ಲುವವರೆಗೆ ಬಾಗಿಲ ಚೌಕಟ್ಟು ಹಿಡಿದು ನಿಂತಳು. ನಾನು ನೀರು ತರಲೂ ಮರೆತು ನೋಡುತ್ತಿದ್ದೆ.

ಬಿರುಸಾಗಿ ಶಾಲೆಗೆ ಮರಳಿ, ತೋಳು ಚಾಚಿ ಸೂಜಿ ಮಾಡಿಸಿಕೊಂಡೆ. ಹಿಂದಿನಿಂದ ನಿಧಾನವಾಗಿ ಬಂದ ಅವಳು ಸೂಜಿಯನ್ನೇ ದಿಟ್ಟಿಸಿದಳು. ನರ್ಸ್ ಎರಡು ಸಲ ಕರೆದರು.

“ಇವತ್ತು ಬ್ಯಾಡ್ರಿ. ನಾಕು ದಿನ ಇವನ ಮಾರಿ ನೋಡ್ತೇನಿ.”

ವಾಹನ ಹೊರಟಿತು. ಮುಂದಿನ ಶಿಬಿರ ಸೋಮವಾರ, ಮುಂಡಗೋಡ ತಾಲೂಕಿನ ಚಿಗಳ್ಳಿಯಲ್ಲಿ. ನಾಲ್ಕು ದಿನವೂ ಅವಳ ಅಂಗಳಕ್ಕೆ ಹೋಗಿ ಮುಖ ತೋರಿಸಿದೆ. ತೋಳು ನೋಯುತ್ತಿದ್ದುದನ್ನು ಮುಚ್ಚಿಡಲಿಲ್ಲ. ನೆರೆಮನೆಯಲ್ಲಿ ಯಾರೋ ಸೀನಿದರೂ ಎದ್ದು ಅವಳ ಬಾಗಿಲು ಮುಚ್ಚುತ್ತಿದ್ದೆ.

ಸೋಮವಾರ ಬೆಳಿಗ್ಗೆ ಅವಳು ಕೈಚೀಲ ಹಿಡಿದು ಅಂಗಳದಲ್ಲಿ ನಿಂತಿದ್ದಳು. ನಾನು ಏನನ್ನೂ ಕೇಳುವ ಮೊದಲೇ, “ಹೋಗೂಣು ನಡಿ, ಬಸ್ಸು ತಪ್ಪತೈತಿ” ಎಂದಳು.

ಚಿಗಳ್ಳಿಯಲ್ಲಿ ಅವಳ ಹಳೆಯ ಫಾರ್ಮನ್ನು ಹುಡುಕಿಸಿ, ನಾನು ಹಾಕಿದ್ದ ಗುರುತನ್ನು ಹೊಡೆದುಹಾಕಿದೆ. ಪಕ್ಕದಲ್ಲಿ ಬರೆದೆ: ‘ಅಂದು ಇವರನ್ನು ಸರಿಯಾಗಿ ಕೇಳಿರಲಿಲ್ಲ.’

ಡಾಕ್ಟರಮ್ಮ ಓದಿ, “ಇದನ್ನ ಯಾವ ಕಾಲಮ್ಮಿಗೆ ಹಾಕ್ಲಿ ಅಜ್ಜಾರ?” ಎಂದರು.

“ಹೊಸಾದೊಂದು ಮಾಡ್ರಿ” ಎಂದೆ. ಅತ್ತ ತಂಗಿ ಕುರ್ಚಿಯಲ್ಲಿ ಕುಳಿತು, ಮುಖ ತಿರುಗಿಸಿ, ತೋಳನ್ನು ನರ್ಸಿನ ಕಡೆ ಚಾಚಿದ್ದಳು.